ಮದ್ದಿನ ಕವರಿನ ಮೇಲೆ ಇನ್ನೊಂದು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ನನ್ನ ಅಮ್ಮನಿಗೆ 78 ವರ್ಷ. ಬಿಪಿಗೆಂದು ಡಿಲ್ಟಿಯಾಝೆಮ್ ಎಂಬ ಮದ್ದಿನ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರು. 120 ಮಿಲಿಗ್ರಾಂ, ದಿನಕ್ಕೆ ಒಂದೇ. ಕಳೆದ ಮಳೆಗಾಲದಿಂದ ಅದನ್ನು ನುಂಗುವುದು ಅವರಿಗೆ ಕಷ್ಟವಾಯಿತು. "ಗಂಟಲಲ್ಲೇ ನಿಂತ ಹಾಗೆ ಆಗ್ತದೆ ಮಗಾ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ನಾನೇ ಕ್ಯಾಪ್ಸೂಲ್ ಬಿಚ್ಚಿದೆ. ಒಳಗೆ ಪುಡಿ ಇರಲಿಲ್ಲ. ಸಾಸಿವೆಯಂಥ ಸಣ್ಣ ಬಿಳಿ ಕಾಳುಗಳು ತಟ್ಟೆ ತುಂಬಾ ಉರುಳಿದವು. ಹಾಗೇ ಗಂಜಿಗೆ ಹಾಕಿದರೆ ಬಾಯಿಗೆ ಮರಳು ಸಿಕ್ಕಿದ ಹಾಗಾಗುತ್ತದೆ ಅಲ್ವಾ? ಚಮಚದ ಬೆನ್ನಿನಿಂದ ಒತ್ತಿ ನುಣ್ಣಗೆ ಮಾಡಿ, ಗಂಜಿ ತಿಳಿಯಲ್ಲಿ ಕಲಸಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಹೊರಟ ಅಮ್ಮ ಬಾಗಿಲ ದಾರಂದ ಹಿಡಿದು ಅಲ್ಲೇ ಕುಸಿದರು. ಮೈಯೆಲ್ಲ ತಣ್ಣಗಿನ ಬೆವರು. ಆಸ್ಪತ್ರೆಯಲ್ಲಿ ನೋಡಿದಾಗ ನಾಡಿ ನಿಮಿಷಕ್ಕೆ 44, ಬಿಪಿ ತುಂಬಾ ಕೆಳಗೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮದ್ದು ಹೇಗೆ ಕೊಟ್ರಿ?"

ಆಮೇಲೆ ಗೊತ್ತಾಯಿತು. ಈ ಮದ್ದಿನ ಸಾದಾ ಮಾತ್ರೆಯಾದರೆ 30 ಮಿಲಿಗ್ರಾಂನಂತೆ ದಿನಕ್ಕೆ ನಾಲ್ಕು ಸಲ ಕೊಡುತ್ತಾರೆ. ಇಡೀ ದಿನದ ಆ ಮದ್ದನ್ನು ನಾನು ಒಂದೇ ಗುಟುಕಿನಲ್ಲಿ ಕುಡಿಸಿಬಿಟ್ಟಿದ್ದೆ.

ನಾನು ಅರೆದ ಕಾಳುಗಳು ಸುಮ್ನೆ ಕಾಳುಗಳಲ್ಲ. ಇಂಥ ಕಾಳಿನ ನಡುವೆ ಸಾಮಾನ್ಯವಾಗಿ ಸಕ್ಕರೆಯ ಹರಳು, ಅದರ ಸುತ್ತ ಮದ್ದಿನ ಪದರ, ಎಲ್ಲಕ್ಕೂ ಹೊರಗೆ ನೀರಿನಲ್ಲಿ ಕರಗದ ತೆಳು ಲೇಪ. ಕರುಳಿನ ನೀರು ಲೇಪದ ಮೂಲಕ ನಿಧಾನವಾಗಿ ಒಳಗೆ ಇಳಿಯುತ್ತದೆ, ಕರಗಿದ ಮದ್ದು ಅಷ್ಟೇ ನಿಧಾನವಾಗಿ ಹೊರಗೆ ಜಿನುಗುತ್ತದೆ. ಲೇಪ ದಪ್ಪವಾದಷ್ಟೂ ತಡ. ತೆಳು ಲೇಪದ ಕಾಳು, ದಪ್ಪ ಲೇಪದ ಕಾಳು ಬೆರೆಸಿ ತುಂಬಿ, ಒಂದೇ ಕ್ಯಾಪ್ಸೂಲನ್ನು ಗಂಟೆಗಟ್ಟಲೆ ಕೆಲಸ ಮಾಡಿಸುತ್ತಾರೆ. 1952ರಲ್ಲಿ ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ 'ಸ್ಪ್ಯಾನ್ಸೂಲ್' ಹೆಸರಿನಲ್ಲಿ ಮಾರಲು ತೊಡಗಿದ್ದು ಇಂಥದ್ದೇ ಕ್ಯಾಪ್ಸೂಲ್. ಅಷ್ಟು ಜನರ ಬುದ್ಧಿ ಇರುವುದು ಆ ತೆಳು ಲೇಪದಲ್ಲಿ. ಒಂದು ಚಮಚ ಸಾಕು, ಎಲ್ಲ ಹಾಳಾಗಲು.

ಗ್ಯಾಸ್ಟ್ರಿಕ್‌ಗೆ ಕೊಡುವ ಒಮೆಪ್ರಝೋಲ್ ಕ್ಯಾಪ್ಸೂಲಿನ ಕಾಳುಗಳ ಲೇಪ ಬೇರೆ. ಆ ಮದ್ದು ಹೊಟ್ಟೆಯ ಆಮ್ಲಕ್ಕೆ ಸಿಕ್ಕಿದರೆ ಕೆಡುತ್ತದೆ. ಕರುಳು ತಲುಪುವವರೆಗೆ ಲೇಪ ಅದನ್ನು ಕಾಯುತ್ತದೆ. ಅರೆದರೆ ತಲೆ ತಿರುಗುವುದಿಲ್ಲ, ಆದರೆ ಮದ್ದಿನ ಪ್ರಯೋಜನ ಸಿಗುವುದಿಲ್ಲ.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೆಸರಿನ ತುದಿಯಲ್ಲಿ ಎಸ್ಆರ್, ಎಕ್ಸ್ಆರ್, ಸಿಡಿ ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ, ನಿಧಾನವಾಗಿ ಬಿಡುವ ಮದ್ದು ಎಂಬುದಕ್ಕೆ ಗುರುತು ಅದೇ. ಮೆಡಿಕಲ್‌ನಲ್ಲಿ ಹತ್ತರ ಸ್ಟ್ರಿಪ್‌ನಿಂದ ಐದು ಕತ್ತರಿಸಿ ಕೊಟ್ಟರೆ ಆ ಎರಡಕ್ಷರ ಇನ್ಯಾರದೋ ಮನೆಗೆ ಹೋಗುತ್ತದೆ. ನಮಗೆ ಆದದ್ದೂ ಅದೇ.

ಮೆಡಿಕಲ್‌ನವರು ಹೇಗೂ ಕವರಿನ ಮೇಲೆ ಪೆನ್ನಿನಿಂದ 1-0-1 ಎಂದು ಬರೆಯುತ್ತಾರೆ. ಅದರ ಕೆಳಗೆ "ಅರೆಯಬೇಡಿ, ಜಗಿಯಬೇಡಿ" ಎಂದು ಕನ್ನಡದಲ್ಲಿ ಬರೆಯಲು ಎಷ್ಟು ಹೊತ್ತು ಬೇಕು? ಬರೆಯಲು ಪುರುಸೊತ್ತಿಲ್ಲದಿದ್ದರೆ ಒಂದು ಸೀಲು ಮಾಡಿಸಿಕೊಳ್ಳಲಿ. ಮಣಿಪಾಲದಲ್ಲಿ 1963ರಿಂದ ಫಾರ್ಮಸಿ ಕಲಿಸುತ್ತಿದ್ದಾರೆ. ಯಾವ ಮದ್ದಿಗೆ ಈ ಸೀಲು ಬೇಕು ಎಂದು ಅಲ್ಲಿನ ಮಕ್ಕಳು ಪಟ್ಟಿ ಮಾಡಿ ಉಡುಪಿಯ ಅಂಗಡಿಗಳಿಗೆ ಕೊಟ್ಟರೆ ದೊಡ್ಡ ಉಪಕಾರ. ಕೆಲವು ಕ್ಯಾಪ್ಸೂಲ್ ಬಿಚ್ಚಿ, ಕಾಳು ಒಡೆಯದೆ ಮೆತ್ತಗಿನ ಊಟದ ಜೊತೆ ನುಂಗಬಹುದಂತೆ. ಯಾವುದು ಎಂದು ಹೇಳಬೇಕಾದವರೂ ಮೆಡಿಕಲ್‌ನವರೇ.

ಡಾಕ್ಟರುಗಳಲ್ಲೂ ಒಂದು ಕೋರಿಕೆ. ವಯಸ್ಸಾದವರಿಗೆ ಚೀಟಿ ಬರೆಯುವ ಮೊದಲು "ನುಂಗಲಿಕ್ಕೆ ಆಗ್ತದಾ?" ಎಂದು ಕೇಳಿ. ಅಮ್ಮನಿಗೆ ಈಗ ಅದೇ ಮದ್ದಿನ ಸಣ್ಣ ಸಾದಾ ಮಾತ್ರೆ, ದಿನಕ್ಕೆ ನಾಲ್ಕು ಸಲ. ನೀರಿನ ಜೊತೆ ಸಲೀಸಾಗಿ ಇಳಿಯುತ್ತದೆ. ರಾತ್ರಿಯದಕ್ಕೆ ಮಾತ್ರ ನಿದ್ದೆಯಿಂದ ಎಬ್ಬಿಸಬೇಕು.

ಇಂತಿ,
ನಿಮ್ಮ ಓದುಗಿ
ಪರ್ಕಳ, ಉಡುಪಿ