ಕ್ರೀಮ್ ಮಾರಿದವಳ ಕಣ್ಣು

ಪ್ರೀತಿಯ ಪುಟ್ಟಿ,

ಓದು ಮುಗಿಸಿ ಮೇಕಪ್ ವ್ಯಾಪಾರಕ್ಕೆ ಇಳಿದರೆ ಅಮ್ಮನಿಗೆ ಬೇಸರವಾಗುತ್ತಾ ಎಂದು ನೀನು ಕೇಳಿದ್ದೆ. ಖಂಡಿತ ಇಲ್ಲ. ಆದರೆ ಮೊದಲು ಮೇಕಪ್ ವ್ಯಾಪಾರದಲ್ಲೇ ದೊಡ್ಡ ಹೆಸರು ಮಾಡಿದ ಹೆಲೆನಾ ರೂಬಿನ್‌ಸ್ಟೈನ್ ಬಗ್ಗೆ ಸ್ವಲ್ಪ ತಿಳಿದುಕೋ.

1872ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಹುಟ್ಟಿದವಳು. ಯಹೂದಿ ಮನೆತನ. ಎಂಟು ಹೆಣ್ಣುಮಕ್ಕಳಲ್ಲಿ ಹಿರಿಯಳು. 1896ರಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಾದ ಕೊಲೆರೇನ್‌ಗೆ, ಸೋದರಮಾವನ ಊರಿಗೆ ಹೋದಳು. ಅದು ಕುರಿಗಳ ಸೀಮೆ. ಉಣ್ಣೆಯಿಂದ ತೆಗೆಯುವ ಜಿಡ್ಡು, ಲ್ಯಾನೋಲಿನ್, ಅಲ್ಲಿ ಧಾರಾಳ. ಅದನ್ನೇ ಬಳಸಿ ಮೆಲ್ಬರ್ನ್‌ನಲ್ಲಿ ವಾಲಾಜ್ ಎಂಬ ಕ್ರೀಮ್ ಮಾರಿದಳು. ಜಾಹೀರಾತಿನಲ್ಲಿ ಮಾತ್ರ ಕಾರ್ಪೇಥಿಯನ್ ಬೆಟ್ಟದ ಗಿಡಮೂಲಿಕೆಯ ಕಥೆ ಹೇಳಿದಳು. ಅದು ನನಗೆ ಹಿಡಿಸುವುದಿಲ್ಲ.

ಆಮೇಲೆ ಲಂಡನ್, ಪ್ಯಾರಿಸ್, ನ್ಯೂಯಾರ್ಕ್. 1928ರಲ್ಲಿ ಅಮೆರಿಕದ ವ್ಯಾಪಾರವನ್ನು 73 ಲಕ್ಷ ಡಾಲರ್‌ಗೆ ಮಾರಿ, ಷೇರುಪೇಟೆ ಕುಸಿದ ಮೇಲೆ ತೀರಾ ಅಗ್ಗಕ್ಕೆ ಮರಳಿ ಕೊಂಡಳು. ಯಹೂದಿ ಎಂದು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ ಮನೆ ಕೊಡದಿದ್ದಾಗ ಇಡೀ ಕಟ್ಟಡವನ್ನೇ ಖರೀದಿಸಿದಳು. ಎಂಥ ಗಟ್ಟಿ ಹೆಣ್ಣು, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ಅವಳ ಕಣ್ಣು. ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಅವಳಿಗೆ ಆಫ್ರಿಕಾದ ಮರದ ಶಿಲ್ಪಗಳ ರುಚಿ ಹತ್ತಿಸಿದ. ಯುರೋಪಿನ ಹೆಚ್ಚಿನವರಿಗೆ ಅವು ಇನ್ನೂ ವಿಚಿತ್ರ ವಸ್ತುಗಳಷ್ಟೇ ಆಗಿದ್ದಾಗ ಅವಳು ಹುಡುಕಿ ಹುಡುಕಿ ಕೊಂಡಳು. ಅವಳ ಬಳಿಯಿದ್ದ, ಕ್ಯಾಮರೂನಿನ 'ಬಾಂಗ್ವಾ ರಾಣಿ' ಎಂಬ ಮರದ ಶಿಲ್ಪದ ಫೋಟೋ ಒಮ್ಮೆ ನೋಡು. ಮೊಣಕಾಲು ಬಾಗಿದೆ, ಬಾಯಿ ತೆರೆದಿದೆ, ಕೊರಳಲ್ಲಿ ಸರ. ಮರವೇ ಹಾಡುತ್ತಾ ಕುಣಿಯುತ್ತಿದೆ ಅನ್ನಿಸುತ್ತದೆ. ಕ್ರೀಮಿನ ಜಾಹೀರಾತಿನಲ್ಲಿ ಆ ಮುಖಕ್ಕೆ ಜಾಗವೇ ಇರಲಿಲ್ಲ. ಮನೆಯಲ್ಲಿ ಇತ್ತು. ಹೆಂಗಸರಿಗೆ ಒಂದೇ ಬಗೆಯ ಚೆಲುವನ್ನು ಮಾರಿದವಳು ತನಗಾಗಿ ಬೇರೆಯದನ್ನೇ ಆರಿಸಿಕೊಂಡಳಲ್ಲ! ಅದನ್ನೇ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಇನ್ನೊಂದು ವಿಷಯವನ್ನೂ ಮರೆಯಬೇಡ. ಜರ್ಮನ್ನರ ವಸಾಹತು ಕಾಲದಲ್ಲಿ ಆ ರಾಣಿಯ ಶಿಲ್ಪವನ್ನು ಅದರ ಊರಿನಿಂದ ಬರ್ಲಿನ್‌ಗೆ ಸಾಗಿಸಿದ್ದರು. 1965ರಲ್ಲಿ ಹೆಲೆನಾ ತೀರಿಕೊಂಡಳು, ಮರುವರ್ಷ ಸಂಗ್ರಹ ಹರಾಜಾಯಿತು. 1990ರಲ್ಲಿ ಅದೇ ಶಿಲ್ಪ 34 ಲಕ್ಷ ಡಾಲರ್‌ಗೆ ಹೋಯಿತು. ಕೆತ್ತಿದವರ ಊರಿಗೆ ಮಾತ್ರ ಮರಳಲಿಲ್ಲ.

ನಿನ್ನ ಮೊದಲ ಡಬ್ಬಿಯ ಲೇಬಲ್ ಮೇಲೆ ಏನು ಬರೆಯುತ್ತೀಯ, ಯೋಚಿಸಿ ನನಗೆ ಕಳಿಸು. ಒಳಗೆ ಏನಿದೆಯೋ ಅದನ್ನೇ ಬರಿ. 'ಬೆಳ್ಳಗಾಗುವಿರಿ' ಎಂದು ಮಾತ್ರ ಬೇಡ.

ನಿನ್ನ
ಅಮ್ಮ