ಹೆಂಗಸರ ಡಬ್ಬಿಯ ನೋಟ್‌ಬುಕ್ಕು

ತುಮಕೂರು,
ಭಾನುವಾರ

ಚಿ. ಪುಟ್ಟನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಮಾವನ ಮಂಡಿನೋವು ಇದ್ದಂತೆಯೇ ಇದೆ. ಗೌರಿಹಬ್ಬಕ್ಕೆ ಬಂದಾಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೀನು ಕೇಳಿದ ಮಾತಿಗೆ ನಾನು ಉತ್ತರ ಹೇಳಲಿಲ್ಲ. ಹೆಂಚು ಕಾದಿತ್ತು, ಒಬ್ಬಟ್ಟು ಸೀಯುತ್ತಿತ್ತು. ಆ ಮಾತು ಮನಸ್ಸಿನಲ್ಲಿ ಉಳಿದುಕೊಂಡಿದೆ, ಆದ್ದರಿಂದ ಈ ಕಾಗದ.

ನಲವತ್ತು ಮಂದಿ ಸಂಗೀತಪ್ರಿಯರನ್ನು ಮೊಬೈಲಿನಲ್ಲಿ ಒಂದು ಗುಂಪು ಮಾಡಿ ದಿನವೂ ಹಳೆಯ ಸಂಗೀತ ಕಚೇರಿಗಳ ಧ್ವನಿಮುದ್ರಣಗಳನ್ನು ಕಳುಹಿಸುತ್ತಿದ್ದೀಯೆ, ಕೈಮುಗಿದ ಚಿತ್ರ ಹಾಕುವುದು ಬಿಟ್ಟು ಯಾರೂ ಒಂದು ಮಾತು ಆಡುವುದಿಲ್ಲ, ಇಬ್ಬರು ಜಗಳವಾಡಿಕೊಂಡು ಬಿಟ್ಟೂ ಹೋದರು, ಏನು ಮಾಡಲಿ ಅತ್ತೆ ಎಂದು ಮುಖ ಸಪ್ಪಗೆ ಮಾಡಿಕೊಂಡಿದ್ದೆ. ಹೋಗುವಾಗ ನನ್ನನ್ನೂ ಸೇರಿಸಿ ಹೋದೆಯಲ್ಲ, ಈ ಮೂರು ವಾರ ಸುಮ್ಮನೆ ನೋಡಿದೆ. ಕಳೆದ ಮಂಗಳವಾರ ಒಂದೇ ದಿನ ಏಳು ಬಂದವು. ಕೆಲಸವಿಲ್ಲದ ಮುದುಕಿ ನಾನು, ಕೂಡಿಸಿ ನೋಡಿದೆ: ಒಂಬತ್ತು ಗಂಟೆಗೂ ಮೇಲೆ. ನೀನು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಸೇರುವವನು. ಅಷ್ಟನ್ನೂ ನೀನೇ ಕೇಳಿರಲಾರೆ. ಉಪ್ಪು ಬಿದ್ದಿದೆಯೇ ಎಂದು ನೋಡದೆ ಪಂಕ್ತಿಗೆ ಹುಳಿ ಬಡಿಸಿದರೆ ಉಂಡವರು ಏನು ಹೇಳಿಯಾರು? ಕೈಮುಗಿದು ಎದ್ದುಹೋಗುತ್ತಾರೆ.

ನಮ್ಮ ಕಾಲದಲ್ಲಿ ಹೀಗೆ, ನಿಮ್ಮ ಕಾಲದಲ್ಲಿ ಹಾಗೆ ಎಂದು ಹಾಡುವವಳಲ್ಲ ನಾನು. ಆದರೂ ರೈಲಿನ ಸಂಗತಿ ನಿನಗೆ ಪೂರ್ತಿ ಗೊತ್ತಿಲ್ಲ.

ನಾನು ಬೆಂಗಳೂರಿನಲ್ಲಿ ಟ್ರಂಕ್ ಕಾಲ್, ಅಂದರೆ ದೂರದೂರಿನ ಫೋನ್ ಕರೆ, ಜೋಡಿಸುವ ಕೆಲಸದಲ್ಲಿದ್ದಾಗ ಹೆಂಗಸರ ಡಬ್ಬಿಯಲ್ಲಿ ನಾವು ಐದು ಮಂದಿ ಒಟ್ಟಿಗೆ ಹೋಗಿ ಬರುತ್ತಿದ್ದೆವು. ಗುಬ್ಬಿಯಿಂದ ಒಬ್ಬರು, ಕ್ಯಾತ್ಸಂದ್ರದಲ್ಲಿ ಹತ್ತುವವರು ಒಬ್ಬರು, ಉಳಿದ ಮೂವರು ಊರೊಳಗಿನವರು. ಐದು ಮನೆಗೂ ಸೇರಿ ಟೇಪ್ ರೆಕಾರ್ಡರ್ ಇದ್ದದ್ದು ಮೂರು. ವಾರಕ್ಕೆ ಒಂದು ಕ್ಯಾಸೆಟ್, ರಾತ್ರಿಗೊಂದು ಮನೆ. ಯಂತ್ರವಿಲ್ಲದವರು ಇದ್ದವರ ಮನೆಗೆ ಹೋಗಿ ಕೇಳಬೇಕು. ಕ್ಯಾಸೆಟ್ಟಿನ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕೂ ಸುತ್ತುತ್ತಿತ್ತು. ಕೇಳಿದವರು ಒಂದು ಸಾಲಾದರೂ ಬರೆಯದೆ ಮುಂದಿನವರಿಗೆ ದಾಟಿಸುವಂತಿಲ್ಲ, ನಮ್ಮಲ್ಲಿ ಇದ್ದ ಕಟ್ಟಳೆ ಅದೊಂದೇ. ಬೆಳಿಗ್ಗೆ ಹಿರೇಹಳ್ಳಿ ದಾಟುವ ಹೊತ್ತಿಗೆ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಿಡವಂದ ಬರುವಷ್ಟರಲ್ಲಿ ವಾದ ಶುರು. ಚಿಕ್ಕಬಾಣಾವರದವರೆಗೂ ಬಿಡುವಿರುತ್ತಿರಲಿಲ್ಲ. ಹೂ ಕಟ್ಟುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು.

ಬರೆದದ್ದರಲ್ಲಿ ವಿದ್ವತ್ತು ಏನೂ ಇಲ್ಲ. ಕ್ಯಾತ್ಸಂದ್ರದಾಕೆಗೆ ರಾಗದ ಹೆಸರು ನಾಲ್ಕೈದು ಗೊತ್ತಿದ್ದರೆ ಹೆಚ್ಚು. ಆಕೆ ಒಮ್ಮೆ ಬರೆದದ್ದು ಇದು: ‘ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ಎರಡನೆಯ ಬದಿಯಲ್ಲಿ ಹಾಡುವವರು ಮೇಲಕ್ಕೆ ಹೋಗಿ ಅಲ್ಲೇ ನಿಂತರು, ಮೃದಂಗದವರು ಕೈ ಎತ್ತಿಬಿಟ್ಟರು. ನನ್ನ ಕೈಯೂ ನಿಂತಿತು.’ ಆ ಕ್ಯಾಸೆಟ್ಟನ್ನು ನಾನು ಅದಕ್ಕೆ ಮೊದಲೇ ಎರಡು ಸಲ ಕೇಳಿದ್ದೆ. ಮೃದಂಗದವರು ಕೈ ಎತ್ತಿದ್ದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ, ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂಬಳ ಎಣಿಸುವವಳಿಗೆ! ಅಂದು ರಾತ್ರಿ ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ, ಉಳಿದವರೂ ಕೇಳಿದರು. ನಿನ್ನ ಏಳರಲ್ಲಿ ಯಾವುದನ್ನಾದರೂ ಯಾರಾದರೂ ಹಿಂದಕ್ಕೆ ಸುತ್ತಿ ಕೇಳಿದರೇ? ಅದಕ್ಕೆ ನೀನು ಏನು ಬರೆದು ಕಳುಹಿಸಿದ್ದೆ? ‘ಅದ್ಭುತ’. ಏಳಕ್ಕೂ ಅದೇ ಪದ.

ಆದ್ದರಿಂದ ದಿನಕ್ಕೆ ಒಂದು ಸಾಕು. ಚಿಕ್ಕದಾದರೆ ಇನ್ನೂ ಒಳ್ಳೆಯದು. ಅರಗಿನ ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಹಿಡಿಸುತ್ತಿತ್ತು, ಅಷ್ಟೇ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ ಅಂಥ ತಟ್ಟೆಯೊಂದರಲ್ಲಿದೆ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅದನ್ನು ಕೇಳಿಯೇ ಗುರುವನ್ನು ಹುಡುಕಿಕೊಂಡು ಮನೆಬಿಟ್ಟದ್ದು, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ. ಆ ಹುಡುಗನಿಗೆ ಯಾರಾದರೂ ಒಂಬತ್ತು ಗಂಟೆಯ ಸಂಗೀತವನ್ನು ಒಟ್ಟಿಗೆ ಸುರಿದಿದ್ದರೆ ಅವನು ಗದುಗಿನಲ್ಲೇ ನಿದ್ದೆಹೋಗುತ್ತಿದ್ದನೋ ಏನೋ. ಇಡೀ ಕಚೇರಿ ಕಳುಹಿಸಲೇಬೇಕು ಎನಿಸಿದರೆ ಎಷ್ಟನೆಯ ನಿಮಿಷದಲ್ಲಿ ನಿನ್ನ ಕೈ ನಿಂತಿತು ಎಂಬುದನ್ನು ಬರೆ. ಸಮಯವಿದ್ದವರು ಉಳಿದದ್ದನ್ನು ಕೇಳಿಕೊಳ್ಳುತ್ತಾರೆ.

ಎರಡನೆಯದು ಹೆಸರುಗಳ ವಿಷಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ‘ಹಳೆಯ ಖರಹರಪ್ರಿಯ’ ಎಂದು ರಾಗದ ಹೆಸರಷ್ಟೇ ಕೊಟ್ಟು ಒಂದನ್ನು ಹಾಕಿದೆ. ಯಾರು ಹಾಡಿದ್ದು? ಪಿಟೀಲು ಯಾರದು? ಮೃದಂಗ, ಘಟ? 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ತಟ್ಟೆಗೆ ಹಾಡಿದಾಗ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದಾಳೆ. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯಲ್ಲಿ, ಯಾರ ಹಾಡು ಎಂದು ಅಲ್ಲಿನವರಿಗೆ ತಿಳಿಯಬೇಕಲ್ಲ. ಆಕೆ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲೇ, 1930ರಲ್ಲಿ. ಅವತ್ತು ಹೇಳಿದ ಹೆಸರು ಇನ್ನೂ ಕೇಳುತ್ತದೆ. ನೀನು ಹೆಸರನ್ನು ಅಳಿಸಿ ಹಂಚುತ್ತೀಯೆ! ಆಕಾಶವಾಣಿಯವರು ಇಂದಿಗೂ ಪಕ್ಕವಾದ್ಯದವರ ಹೆಸರು ಹೇಳದೆ ಮುಗಿಸುವುದಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದಾಗಲೆಲ್ಲ ಸುಯ್ ಎನ್ನುವ ಸದ್ದು ಏರುತ್ತಿತ್ತು, ನಾಲ್ಕನೆಯ ಪ್ರತಿಗೆ ತಂಬೂರಿ ಅದರಲ್ಲಿ ಮುಳುಗಿಹೋಗುತ್ತಿತ್ತು. ಆದರೆ ಒಳಗಿನ ಚೀಟಿಯನ್ನು ನಾವು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡುತ್ತಿದ್ದೆವು: ಕೃತಿ, ರಾಗ, ತಾಳ, ಯಾರ ರಚನೆ, ಪಕ್ಕವಾದ್ಯ. ನಿನ್ನ ಪ್ರತಿಗಳಲ್ಲಿ ಸದ್ದು ಸ್ವಚ್ಛವಾಗಿದೆ, ಚೀಟಿ ಕಾಣೆಯಾಗಿದೆ.

ಇನ್ನೊಂದು. ಶುಕ್ರವಾರ ಬಂದ ಕಚೇರಿಯಲ್ಲಿ ಹಾಡುವವರ ಧ್ವನಿ ಕೀರಲು. ‘ಚಿಕ್ಕ ವಯಸ್ಸಿನಲ್ಲಿ ಎಷ್ಟು ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದರು’ ಎಂದು ಒಬ್ಬರು ಮೆಚ್ಚಿದರು, ಹತ್ತು ಮಂದಿ ಕೈಮುಗಿದರು. ಅದು ಚಿಕ್ಕ ವಯಸ್ಸಲ್ಲ, ವೇಗವಾಗಿ ಓಡಿರುವ ಟೇಪು. ನೂರಕ್ಕೆ ಆರು ಪಾಲು ವೇಗ ಹೆಚ್ಚಿದರೆ ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಮ್ಮಿನಲ್ಲಿ ಪಕ್ಕದ ಕೀಲಿಗೆ ಹೋದಷ್ಟು, ಏರುತ್ತದೆ. ಎಲ್ಲ ಸ್ವರಗಳೂ ಒಟ್ಟಿಗೆ ಏರುವುದರಿಂದ ರಾಗವೇನೂ ಕೆಡುವುದಿಲ್ಲ, ಮೋಸ ತಿಳಿಯುವುದೂ ಇಲ್ಲ. ಅದೇ ವಿದ್ವಾಂಸರ ಬೇರೆ ಧ್ವನಿಮುದ್ರಣವನ್ನು ಪಕ್ಕದಲ್ಲಿಟ್ಟು, ಶ್ರುತಿಪೆಟ್ಟಿಗೆ ಹಾಕಿ ಷಡ್ಜ, ಅಂದರೆ ‘ಸ’ ಸ್ವರ, ಕೂಡಿಸಿ ನೋಡು. ಹೊಂದದಿದ್ದರೆ ‘ವೇಗದಲ್ಲಿ ಅನುಮಾನವಿದೆ’ ಎಂದು ಒಂದು ಮಾತು ಸೇರಿಸು.

ಇದನ್ನು ಗುಂಪಿನಲ್ಲಿ ನಾನು ಹೇಳಲಿಲ್ಲ. ಯಾಕೆ ಎಂಬುದಕ್ಕೆ ಒಂದು ಹಳೆಯ ಕಥೆ ಇದೆ. ನಿನ್ನ ಅಪ್ಪನಿಗೂ ಹೇಳಿದವಳಲ್ಲ.

ಗುಬ್ಬಿಯಿಂದ ಬರುತ್ತಿದ್ದವರು ಬಹಳ ಮೆತ್ತನೆಯ ಹೆಂಗಸು. ಒಂದು ವಾರ ನೋಟ್‌ಬುಕ್ಕಿನಲ್ಲಿ ತ್ಯಾಗರಾಜರ ಕೃತಿ ‘ನೀ ಭಜನ ಗಾನ’ದ ಬಗ್ಗೆ ಅರ್ಧ ಪುಟ ಬರೆದು, ರಾಗ ನಾಯಕಿ ಎಂದಿದ್ದರು. ನಾನು ಕೆಂಪು ಇಂಕಿನಲ್ಲಿ ಹೊಡೆದುಹಾಕಿ ಮೇಲೆ ‘ದರ್ಬಾರ್’ ಎಂದು ಬರೆದೆ. ಸಾಲದೆಂದು ರೈಲಿನಲ್ಲಿ ಎಲ್ಲರೆದುರು ಅದನ್ನು ಓದಿ, ಎರಡೂ ಖರಹರಪ್ರಿಯ ರಾಗದಿಂದ ಹುಟ್ಟಿದ ಮಕ್ಕಳು, ಕಿವಿ ಪಳಗದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಪಾಠ ಬೇರೆ ಹೇಳಿದೆ. ಅವರು ‘ಹೌದಿರಬಹುದು’ ಎಂದು ಕಿಟಕಿಯ ಕಡೆ ತಿರುಗಿದರು. ತಿಂಗಳ ನಂತರ ರೇಡಿಯೊದಲ್ಲಿ ಅದೇ ಕೃತಿ ಬಂತು. ಉದ್ಘೋಷಕರು ನಿಧಾನವಾಗಿ ಹೇಳಿದರು: ರಾಗ ನಾಯಕಿ. ನಾನು ಅಕ್ಕಿ ಆರಿಸುತ್ತ ಕೂತಿದ್ದೆ, ಮೊರ ಕೆಳಗಿಟ್ಟೆ. ಮರುದಿನ ನಾಲ್ವರೆದುರೂ ತಪ್ಪೊಪ್ಪಿಕೊಂಡೆ, ಕೆಂಪು ಇಂಕನ್ನು ಹೊಡೆದುಹಾಕಿದೆ. ಅವರು ನಕ್ಕು ‘ಬಿಡಿ, ಅಷ್ಟಕ್ಕೆಲ್ಲ ಯಾಕೆ’ ಎಂದರು. ಆದರೆ ಆಮೇಲೆ ಅವರು ಯಾವ ಪುಟದಲ್ಲೂ ರಾಗದ ಹೆಸರು ಬರೆಯಲಿಲ್ಲ. ‘ಚೆನ್ನಾಗಿತ್ತು’ ಎಂದಷ್ಟೇ ಬರೆಯುತ್ತಿದ್ದರು. ವರ್ಗವಾಗಿ ಹೋಗುವವರೆಗೂ ಅಷ್ಟೇ. ನನ್ನ ಜಾಣತನದಿಂದ ನಾವು ಒಂದು ಜೊತೆ ಒಳ್ಳೆಯ ಕಿವಿ ಕಳೆದುಕೊಂಡೆವು.

ನಿನ್ನ ಗುಂಪಿನ ಆ ಇಬ್ಬರ ಜಗಳವನ್ನೂ ಹಿಂದಕ್ಕೆ ಹೋಗಿ ಓದಿದೆ. ಗಾಯಕ ಎಂ.ಡಿ. ರಾಮನಾಥನ್ ಅವರ ವಿಳಂಬ ಕಾಲ, ಅಂದರೆ ತೀರ ನಿಧಾನದ ನಡೆ, ಒಬ್ಬರಿಗೆ ಎತ್ತಿನಗಾಡಿ, ಇನ್ನೊಬ್ಬರಿಗೆ ದೇವರು. ಇಂಥ ಜಗಳ ನಿನ್ನ ಅಜ್ಜನ ಜಗಲಿಯ ಮೇಲೂ ನಡೆಯುತ್ತಿತ್ತು, ಶನಿವಾರ ರಾತ್ರಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಮುಗಿದ ಮೇಲೆ. ಅಜ್ಜ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಯಾವುದನ್ನು ಕೇಳಿ ಹೀಗೆ ಹೇಳುತ್ತೀರಿ?’ ಅರ್ಧ ಮಂದಿ ಅಲ್ಲಿಗೇ ತಣ್ಣಗಾಗುತ್ತಿದ್ದರು. ನೀನು ಅದನ್ನೇ ಕೇಳಬಹುದಿತ್ತು. ಬದಲಿಗೆ ಮಧ್ಯೆ ಹೋಗಿ ‘ಎಲ್ಲರೂ ಶ್ರೇಷ್ಠರೇ’ ಎಂದು ಸಮಾಧಾನ ಹೇಳಿದೆ, ಇಬ್ಬರಿಗೂ ಸಿಟ್ಟು ಬಂತು. ನನಗೂ ಬರುತ್ತಿತ್ತು. ಬಿಟ್ಟುಹೋದವರಿಗೆ ಫೋನ್ ಮಾಡಿ ಮಾತಾಡು, ಗುಂಪಿಗೆ ಮರಳಿ ಬನ್ನಿ ಎಂದು ಮಾತ್ರ ಕೇಳಬೇಡ.

ತಟ್ಟೆ, ಕ್ಯಾಸೆಟ್ಟುಗಳಾಗಿ ಹೊರಬಂದು ಅರವತ್ತು ವರ್ಷ ದಾಟಿದ ಧ್ವನಿಮುದ್ರಣಗಳ ಮೇಲೆ ನಮ್ಮ ಕಾನೂನಿನಂತೆ ಹಕ್ಕು ಉಳಿಯುವುದಿಲ್ಲ, ಅವನ್ನು ಧಾರಾಳವಾಗಿ ಹಂಚು. ಈಗ ಹಾಡುತ್ತಿರುವ ಮಕ್ಕಳ ಆಲ್ಬಂಗಳನ್ನು ಮಾತ್ರ ಹಾಗೆ ಎತ್ತಿ ಹಾಕಬೇಡ, ಕೊಂಡು ಕೇಳಿ ಎಂದು ಹೇಳು. ಸಭೆಯಲ್ಲಿ ಕೂತು ಜೇಬಿನಲ್ಲಿ ಮೊಬೈಲ್ ಬಚ್ಚಿಟ್ಟು ತುಂಬಿಕೊಂಡು ಬಂದದ್ದಂತೂ ಬೇಡವೇ ಬೇಡ.

ನೋಟ್‌ಬುಕ್ಕು ಇನ್ನೂ ಇದೆ. ಕ್ಯಾಸೆಟ್ಟುಗಳು ಹೋದವು. ಒಂದರ ಮೇಲೆ ಎರವಲು ಪಡೆದವರ ಮನೆಯ ಹುಡುಗರು ಸಿನಿಮಾ ಹಾಡು ತುಂಬಿ ಹಿಂದಿರುಗಿಸಿದರು. ಬೆನ್ನಿನ ಮೇಲಿನ ಎರಡು ಹಲ್ಲು ಮುರಿದಿಟ್ಟರೆ ಯಾರೂ ಹಾಗೆ ಮಾಡಲಾಗದು ಎಂದು ಆಮೇಲೆ ಕಲಿತೆ. ಉಳಿದವಕ್ಕೆ ಬೂಷ್ಟು ಹಿಡಿಯಿತು. ನೋಟ್‌ಬುಕ್ಕಿಗೆ ಏನೂ ಆಗಿಲ್ಲ, ಕೊನೆಯಲ್ಲಿ ಹನ್ನೊಂದು ಹಾಳೆ ಖಾಲಿ ಇವೆ. ನಿನ್ನ ಅಪ್ಪ ಬುಧವಾರ ಇಲ್ಲಿಗೆ ಬರುತ್ತಾನಂತೆ, ಅವನ ಕೈಯಲ್ಲಿ ತೆಂಗಿನಕಾಯಿ ಚೀಲದ ಜೊತೆ ಕಳುಹಿಸುತ್ತೇನೆ. ಪ್ಲಾಸ್ಟಿಕ್ ಸುತ್ತಿರುತ್ತೇನೆ, ಬಿಚ್ಚುವ ಮೊದಲು ಕೈ ತೊಳೆದುಕೋ. ಗುಬ್ಬಿಯವರ ಆ ಅರ್ಧ ಪುಟ ಮಧ್ಯದಲ್ಲೆಲ್ಲೋ ಇದೆ, ಎರಡು ಸಲ ಹೊಡೆದುಹಾಕಿದ ಗುರುತಿನಿಂದ ಸಿಗುತ್ತದೆ. ಅದನ್ನು ಓದಿದ ಮೇಲೆ ಆ ಕೃತಿಯನ್ನು ಕೇಳು. ನಿನಗೆ ಏನು ಕೇಳಿಸಿತು ಎಂಬುದನ್ನು ಖಾಲಿ ಹಾಳೆಯಲ್ಲಿ ಬರೆದು, ದೀಪಾವಳಿಗೆ ಬರುವಾಗ ತೆಗೆದುಕೊಂಡು ಬಾ. ಪೆನ್ಸಿಲ್ ಆದರೂ ಸರಿ, ಕೆಂಪು ಇಂಕು ಬೇಡ.

ಅಮ್ಮನಿಗೆ ಕೇಳಿದೆನೆಂದು ಹೇಳು.

ಇಂತು,
ನಿನ್ನ ಅತ್ತೆ