ಫೋಟೋ ಬೇಕು, ತೆಗೆದವರ ಹೆಸರು ಬೇಡವೇ? ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಬೇಲೂರಿನವನು. ಫೋಟೋ ತೆಗೆಯುತ್ತೇನೆ, ಜೊತೆಗೆ ನಾಲ್ಕು ಸಾಲು ಬರೆದು ಫೇಸ್‌ಬುಕ್‌ಗೆ ಹಾಕುತ್ತೇನೆ. ಕಳೆದ ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಚರ್ಚು ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ್ದಾಗ ಮೂರು ದಿನ ಕತ್ತಲಲ್ಲೇ ಬೈಕ್ ಹತ್ತಿ ಹೋದೆ. ಎರಡು ದಿನ ಬರೀ ಮಂಜು. ಮೂರನೇ ದಿನ ಒಂದೇ ಒಂದು ಒಳ್ಳೆಯ ಫೋಟೋ ಸಿಕ್ಕಿತು.

ವಾರ ಕಳೆಯುವುದರೊಳಗೆ ಅದು ಯಾರದೋ ಪ್ರವಾಸಿ ಪೇಜಿನಲ್ಲಿತ್ತು. ಮೂಲೆಯಲ್ಲಿದ್ದ ನನ್ನ ಹೆಸರು ಕತ್ತರಿಸಿ ತಮ್ಮ ಲೋಗೋ ಅಂಟಿಸಿದ್ದರು. ನಾನು ಬರೆದ ಸಾಲುಗಳೂ ಹಾಗ್‌ಹಾಗೇ ಇದ್ದವು, 'ಡ್ಯಾಮ್ ಕಟ್ಟುವ ಮುಂಚೆ ಅಲ್ಲಿ ಊರಿತ್ತು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು' ಅನ್ನುವುದು ಕೂಡ. ಹೇಳುತ್ತಿದ್ದದ್ದು ನನ್ನ ಅಜ್ಜಿ ಸಾರ್. ಅದು ನನಗೆ ಫೋಟೋಗಿಂತ ಜಾಸ್ತಿ ನೋವು ಕೊಟ್ಟಿತು.

ಕೇಳಿದರೆ 'ಗೂಗಲ್‌ನಲ್ಲಿ ಸಿಕ್ತು' ಅಂದರು. ಠಾಣೆಗೆ ಹೋದರೆ 'ರಿಜಿಸ್ಟರ್ ಮಾಡಿಸಿಲ್ವಾ? ಹಾಗಾದ್ರೆ ಕೋರ್ಟಿಗೆ ಹೋಗಿ' ಅಂದರು. ಆಮೇಲೆ ವಕೀಲರೊಬ್ಬರು ಬಿಡಿಸಿ ಹೇಳಿದರು. ಕಾಪಿರೈಟ್‌ಗೆ ನೋಂದಣಿ ಕಡ್ಡಾಯವಲ್ಲ, ಫೋಟೋ ತೆಗೆದ ಕ್ಷಣದಿಂದಲೇ ಹಕ್ಕು ಬರುತ್ತದೆ. 1957ರ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ 'ಇದು ನನ್ನ ಕೆಲಸ' ಎನ್ನುವ ಅಧಿಕಾರ ಮಾಡಿದವರಿಗೇ ಇರುತ್ತದೆ. ಗೊತ್ತಿದ್ದೂ ಕದ್ದರೆ 63ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು. ಇದಕ್ಕೆ ಪೊಲೀಸರೇ ನೇರವಾಗಿ ಕೇಸ್ ದಾಖಲಿಸಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಯಾರನ್ನೂ ಜೈಲಿಗೆ ಕಳಿಸುವ ಆಸೆ ನನಗಿಲ್ಲ. ನನ್ನ ಹೆಸರು ನನಗೆ ಬೇಕು.

ನಮ್ಮೂರ ಚೆನ್ನಕೇಶವ ದೇವಸ್ಥಾನದಲ್ಲಿ ಮದನಿಕೆಯರ ಪೀಠ ನೋಡಿದ್ದೀರಿ ಅಲ್ವಾ? ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಗುಡಿ ಕಟ್ಟಿಸಿದ್ದು ವಿಷ್ಣುವರ್ಧನ ರಾಜ, ಆದರೂ ಉಳಿ ಹಿಡಿದವರ ಹೆಸರನ್ನು ಯಾರೂ ಅಳಿಸಲಿಲ್ಲ. 900 ವರ್ಷದಿಂದ ಅದು ಅಲ್ಲೇ ಇದೆ.

ಜಿಲ್ಲೆಯ ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯ ಎತ್ತಿ. ಜಿಲ್ಲೆಯ ಯಾವ ಇಲಾಖೆಯೇ ಆಗಲಿ, ಪೋಸ್ಟರು, ಬ್ಯಾನರಿಗೆ ಯಾರದಾದರೂ ಫೋಟೋ, ಬರಹ ಬೇಕಿದ್ದರೆ ಮೊದಲು ಕೇಳಲಿ, ಹೆಸರು ಹಾಕಲಿ. ಇಂಥ ದೂರು ಬಂದರೆ ಸುಮ್ನೆ ಕೋರ್ಟಿನ ದಾರಿ ತೋರಿಸಬೇಡಿ ಎಂದು ಠಾಣೆಗಳಿಗೆ ಎಸ್‌ಪಿ ಸಾಹೇಬರ ಕಡೆಯಿಂದ ಒಂದು ಸುತ್ತೋಲೆ ಹೋಗಲಿ.

ಆ ಚರ್ಚಿನ ಫೋಟೋ ಜಿಲ್ಲಾಡಳಿತಕ್ಕೆ ಬೇಕಿದ್ದರೆ ಮೂಲ ಫೈಲ್ ನನ್ನ ಹತ್ತಿರ ಇದೆ. ಹೆಸರು ಹಾಕುವುದಾದರೆ ದುಡ್ಡು ಬೇಡ, ಹಾಗೇ ಕೊಡುತ್ತೇನೆ.

ಇಂತಿ,
ಬೇಲೂರಿನ ಒಬ್ಬ ಫೋಟೋಗ್ರಾಫರ್